ಚೆಂಡು ಹೂವಿಟ್ಟ ಸೂಕ್ಷ್ಮದರ್ಶಕ

ನಮ್ಮ ಶಾಲೆಯ ಸೂಕ್ಷ್ಮದರ್ಶಕಕ್ಕೆ ವರ್ಷಕ್ಕೊಮ್ಮೆ ಪೂಜೆಯಾಗುತ್ತಿತ್ತು. ಅದರಿಂದ ಪಾಠ ಮಾತ್ರ ಆಗುತ್ತಿರಲಿಲ್ಲ. ದಸರಾ ರಜೆ ಬಿಡುವ ದಿನ ಅದನ್ನು ಅಲಮಾರಿಯಿಂದ ತೆಗೆದು, ಗ್ಲೋಬು, ತಕ್ಕಡಿ, ಕಂಪ್ಯೂಟರು, ಗಂಟೆ ಹೊಡೆಯುವ ಕಬ್ಬಿಣದ ತುಂಡು ಎಲ್ಲವನ್ನೂ ಒಂದೇ ಮೇಜಿನ ಮೇಲೆ ಸಾಲಾಗಿಟ್ಟು ವಿಭೂತಿ, ಕುಂಕುಮ ಹಚ್ಚುತ್ತಿದ್ದೆವು. ವಿಜ್ಞಾನದ ಸಾಮಾನಿಗೆ ವಿಜ್ಞಾನದ ಟೀಚರೇ ಹೂವಿಡಬೇಕು ಎನ್ನುವುದು ನಮ್ಮ ಮುಖ್ಯಗುರುಗಳು ಮಾಡಿಕೊಂಡು ಬಂದ ಪದ್ಧತಿ. ಬಾಡದಿರಲೆಂದು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟ ಚೆಂಡು ಹೂ ತೆಗೆದು, ಕಣ್ಣಿಡುವ ಕೊಳವೆಯ ತುದಿಗೆ ನಾನೇ ಸಿಕ್ಕಿಸುತ್ತಿದ್ದೆ. ಕಾಯಿ ಒಡೆದು, ಪ್ರಸಾದ ತಿಂದು, ಏರಿಸಿದ ಹೂವನ್ನು ಅವತ್ತೇ ಕೀಳಬಾರದೆಂದು ಹೂವಿನ ಸಮೇತ ಪ್ಲಾಸ್ಟಿಕ್ ಚೀಲ ಮುಚ್ಚಿ, ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಬಸ್ಸಿಗೆ ಓಡುತ್ತಿದ್ದೆ.

ಎಂಟು ವರ್ಷ ಹೀಗೆ ಮಾಡಿದ್ದೇನೆ. ಒಂದು ಕಾಲಕ್ಕೆ ಇದನ್ನು ಗೆಳತಿಯರಿಗೆ ಹೇಳಿ ನಗಿಸುತ್ತಿದ್ದೆ ಕೂಡ. ಈಗ ನನಗೆ ನಗು ಬರುವುದಿಲ್ಲ. ಆ ಹೂವಿನ ದೆಸೆಯಿಂದ ಒಬ್ಬ ಹುಡುಗಿ ತನ್ನ ಕಣ್ಣನ್ನು ತಾನು ನಂಬುವುದನ್ನು ಬಿಟ್ಟಳು. ತಪ್ಪನ್ನು ಹೂವಿನ ಮೇಲೆ ಯಾಕೆ ಹಾಕಲಿ, ಆ ನಂಬಿಕೆ ಬಿಡಿಸಿದವಳು ನಾನು.

ನನ್ನ ಮನೆ ಸಿಂಧನೂರಿನಲ್ಲಿ. ಮಾಳಿಗೆಯ ಮೇಲೆ ಒಣಹಾಕಿದ ಸೀರೆಯ ಮೇಲೆ ಬೆಳಗಾಗುವಷ್ಟರಲ್ಲಿ ಅಕ್ಕಿ ಗಿರಣಿಯ ಬೂದಿ ಕೂತಿರುತ್ತದೆ. ಅದನ್ನು ಝಾಡಿಸಿ ಉಟ್ಟುಕೊಂಡು ಬಸ್ಸು ಹಿಡಿದರೆ ಮಸ್ಕಿ, ಅಲ್ಲಿಂದ ಪಾಮನಕಲ್ಲೂರಿನ ಕಡೆ ಹೋಗುವ ಟಂಟಂ ಆಟೋ. ಕಾಲುವೆಯ ಗದ್ದೆಗಳು ಮುಗಿದು ತೊಗರಿ, ಸಜ್ಜೆ ಶುರುವಾದ ಮೇಲೆ ಎಲ್ಲೋ ಒಂದು ಕಡೆ ಇಳಿದು ನಡೆಯಬೇಕು. ಊರಿನ ಹೆಸರು ಬೇಡ. ನಾನು ಓದಿದ್ದು ಗಣಿತ ಮತ್ತು ಭೌತಶಾಸ್ತ್ರ. ಜೀವಶಾಸ್ತ್ರದ ಹುದ್ದೆ ಖಾಲಿ ಇತ್ತು, ಈಗಲೂ ಖಾಲಿಯೇ ಇದೆ. ಹಾಗಾಗಿ ಕೋಶ, ಹೃದಯ, ಮೂತ್ರಪಿಂಡ ಎಲ್ಲವೂ ನನ್ನ ತಲೆಗೇ ಬಿದ್ದವು. ಬಸ್ಸಿನಲ್ಲಿ ಓದಿಕೊಂಡು ಹೋಗಿ ತರಗತಿಯಲ್ಲಿ ಒಪ್ಪಿಸುತ್ತಿದ್ದೆ.

ಸೂಕ್ಷ್ಮದರ್ಶಕದೊಳಗೆ ಅಲ್ಲಿಯವರೆಗೆ ನಾನು ಕಣ್ಣಿಟ್ಟದ್ದು ಜೀವನದಲ್ಲಿ ಒಂದೇ ಸಲ, ಪಿಯುಸಿಯಲ್ಲಿ. ಅರವತ್ತು ಹುಡುಗಿಯರ ಸಾಲು. ನನ್ನ ಸರದಿ ಬಂದಾಗ ಬೆಳ್ಳಗೆ ಬೆಳಕು ಬಿಟ್ಟು ಬೇರೇನೂ ಕಾಣಲಿಲ್ಲ. ಹಿಂದಿನವಳು ಬೆನ್ನಿಗೆ ತಿವಿಯುತ್ತಿದ್ದಳು. “ಕಾಣ್ತೇನವಾ?” ಎಂದರು ಲೆಕ್ಚರರು. “ಕಾಣ್ತ್ರಿ ಸರ್” ಎಂದೆ. ಪುಸ್ತಕ ನೋಡಿ ಚಿತ್ರ ಬರೆದೆ. ‘ಗುಡ್’ ಅಂತ ಬಿತ್ತು. ಅವತ್ತು ಕಲಿತದ್ದು ಅಷ್ಟೇ. ಮುಂದೆ ಡಿಗ್ರಿಯಲ್ಲೂ, ಬಿ.ಎಡ್.ನಲ್ಲೂ ಅಷ್ಟೇ ಸಾಕಾಯಿತು.

ಮೂರು ವರ್ಷದ ಹಿಂದೆ ಆ ಹುಡುಗಿ ಒಂಬತ್ತನೇ ತರಗತಿಗೆ ಬಂದಳು. ಕುರಿ ಕಾಯುವವರ ಮನೆಯವಳು. ರಜೆಯ ದಿನ ಅಪ್ಪನ ಜೊತೆ ಕುರಿ ಹಿಂದೆ ಹೋಗುತ್ತಿದ್ದಳು. ತುಪ್ಪಳದ ಒಳಗಿನ ಉಣ್ಣಿಯನ್ನು ಮುಟ್ಟದೆಯೇ ಗುರುತಿಸುವ ಕಣ್ಣು ಅವಳದು. ಯಾವ ಕುರಿಗೆ ನಾಳೆ ಜ್ವರ ಬರುತ್ತದೆ ಎಂಬುದನ್ನು ಅದರ ಕಿವಿ ನೋಡಿ ಹೇಳುತ್ತಾಳೆಂದು ಅವಳ ಜೊತೆಯ ಹುಡುಗಿಯರು ನನಗೆ ಹೇಳಿದ್ದರು. ಸೋಮವಾರ ಬಂತೆಂದರೆ ಏನಾದರೂ ಒಂದು ಪ್ರಶ್ನೆ ಹೊತ್ತುಕೊಂಡೇ ಬರುವವಳು.

“ಟೀಚರ್, ಹುಣಸಿ ಎಲಿ ಸಂಜಿಕ್ಕ ಮುಚ್ಕೋತಾವಲ್ರಿ, ಮೋಡ ಕವಿದ ದಿನ ಜಲ್ದಿ ಮುಚ್ಕೋತಾವ್ರಿ. ಅವಕ್ಕ ಹೊತ್ತು ಹೆಂಗ ಗೊತ್ತಾಕ್ಕೈತ್ರಿ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. “ಅದು ಸಿಲಬಸ್‌ನ್ಯಾಗ ಇಲ್ಲ, ಕುಂದ್ರಬೇ” ಎಂದೆ. ಕೂತಳು. ಅವಳ ಮುಖವೇನೂ ಸಣ್ಣಗಾಗಲಿಲ್ಲ. ಮುಂದಿನ ಸೋಮವಾರ ಇನ್ನೊಂದು ಪ್ರಶ್ನೆ ತಂದಳು.

ಪೋಷಕರ ಸಭೆಗೆ ಅವಳ ಅವ್ವ ಬಂದಿದ್ದಳು. ಎಲ್ಲರೂ ಹೋದ ಮೇಲೂ ಬಾಗಿಲ ಹತ್ತಿರ ನಿಂತೇ ಇದ್ದಳು.

“ಅಕ್ಕಾರ, ನಮ್ಮಾಕಿ ಸೈನ್ಸ್ ಓದ್ತೀನಿ ಅಂತಾಳ್ರಿ. ದನದ ದವಾಖಾನಿ ಡಾಕ್ಟರ್ ಆಕ್ಕಾಳಂತ. ಅವರಪ್ಪ ಹತ್ತನೇತ್ತ ಮುಗದ್ರ ಸಾಕು ಅಂತಾನ. ಆಕಿ ಕೈಲೆ ಆಕ್ಕೈತಿ ಅಂತ ನೀವು ಒಂದು ಮಾತು ಹೇಳಿದ್ರ, ನಾ ಹೆಂಗರ ಮಾಡಿ ಒಪ್ಪಸ್ತೀನ್ರಿ. ನಮಗೇನು ತಿಳಿತೈತಿ? ನೀವ ಹೇಳ್ಬೇಕು.”

“ನೋಡೂಣವಾ, ಇನ್ನೂ ಎರಡು ವರ್ಷ ಐತಲ್ಲ” ಎಂದೆ. ಅವಳು ನನ್ನ ಕೈ ಹಿಡಿದುಕೊಂಡು ಹಣೆಗೊತ್ತಿಕೊಂಡು ಹೋದಳು. ಆ ಮಗುವಿನ ಮುಂದಿನ ದಾರಿ ನನ್ನ ಒಂದು ಮಾತಿನ ಮೇಲೆ ನಿಂತಿದೆ ಎಂದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳಲು ಬರುವುದಿಲ್ಲ.

ನಮಗೂ ಕಲಿಸುತ್ತಿದ್ದರು, ಕಲಿಸಲಿಲ್ಲ ಎನ್ನುವ ಹಾಗಿಲ್ಲ. ಮೂರು ದಿನದ ತರಬೇತಿ ಲಿಂಗಸುಗೂರಿನಲ್ಲಿ. ಮೊದಲು ಸಹಿ, ಆಮೇಲೆ ಉಪ್ಪಿಟ್ಟು, ಆಮೇಲೆ ಒಬ್ಬರು ಪರದೆಯ ಮೇಲೆ ಬಿದ್ದ ಅಕ್ಷರಗಳನ್ನು ನಮಗೆ ಓದಲು ಬಾರದೇನೋ ಎನ್ನುವ ಹಾಗೆ ಓದಿ ಹೇಳುವುದು. ಮಧ್ಯಾಹ್ನ ಐದೈದು ಮಂದಿಯ ಗುಂಪು, ಚಾರ್ಟು, ಸ್ಕೆಚ್ ಪೆನ್ನು, ಕೊನೆಗೆ ಫೋಟೋ. ‘ವಿಜ್ಞಾನ ಕಲಿಕೆಯಲ್ಲಿ ವೀಕ್ಷಣೆಯ ಮಹತ್ವ’ ಎಂದು ನಾವೇ ದುಂಡಗೆ ಬರೆದೆವು. ಆ ಮೂರು ದಿನ ನಾವು ಯಾರೂ ಏನನ್ನೂ ವೀಕ್ಷಿಸಲಿಲ್ಲ. ಒಂದು ಸಲ ಥರ್ಮಾಕೋಲ್ ಕೊಟ್ಟು ಈರುಳ್ಳಿ ಸಿಪ್ಪೆಯ ಕೋಶದ ಮಾದರಿ ಮಾಡಿಸಿದರು. ಇಟ್ಟಿಗೆ ಜೋಡಿಸಿದ ಹಾಗೆ ಚೌಕಗಳು, ಒಂದೊಂದರ ಒಳಗೂ ಕೋಶಕೇಂದ್ರವೆಂದು ಒಂದೊಂದು ಕೆಂಪು ಗುಂಡಿ. ನನ್ನದಕ್ಕೆ ಚಪ್ಪಾಳೆ ಬಿತ್ತು. ಬಸ್ಸಿನಲ್ಲಿ ಮುರಿಯದ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದು ತರಗತಿಯ ಗೋಡೆಗೆ ತೂಗುಹಾಕಿದೆ. ನಿಜ ಹೇಳುತ್ತೇನೆ, ಹೆಮ್ಮೆಯಾಗಿತ್ತು.

ಸೂಕ್ಷ್ಮದರ್ಶಕ ಕೊಡಿ ಎಂದು ಮುಖ್ಯಗುರುಗಳನ್ನು ನಾನು ಕೇಳಿದ್ದು ಒಂದೆರಡು ಸಲ ಮಾತ್ರ.

“ಒಡದ್ರ ಯಾರು ಉತ್ರ ಕೊಡ್ತಾರ್ರಿ ಮೇಡಂ? ಕಾಗದದಾಗ ಹೊಸಾದೈತಿ, ಹೊಸಾದ ಇರ್ಲಿ ಬಿಡ್ರಿ” ಎನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಪಿಂಚಣಿಗೆ ಹತ್ತಿರವಾಗಿದ್ದವರು. ನನಗೂ ಒಳಗೊಳಗೆ ಬಚಾವಾದೆ ಎನಿಸುತ್ತಿತ್ತು. ಅದನ್ನು ಹೇಗೆ ಹಿಡಿಯಬೇಕೆಂದು ನನಗೆ ಎಲ್ಲಿ ಗೊತ್ತಿತ್ತು?

ಆ ವರ್ಷ ಚಳಿ ಶುರುವಾದ ಮೇಲೆ ತಪಾಸಣೆಗೆ ಸಾಹೇಬರು ಬರುತ್ತಾರೆ ಎಂದು ಸುದ್ದಿ ಬಂತು. ಅವರು ಒಳಗೆ ಬಂದಾಗ ಪ್ರಯೋಗ ನಡೆಯುತ್ತಿರಬೇಕು ಎಂದು ಮುಖ್ಯಗುರುಗಳೇ ಅಲಮಾರಿಯ ಬೀಗ ತೆಗೆದರು. ಚೀಲ ಬಿಚ್ಚಿದರೆ ದಸರಾದ ಚೆಂಡು ಹೂ ಕರಿ ಮುದ್ದೆಯಾಗಿ ಕೊಳವೆಗೆ ಅಂಟಿಕೊಂಡಿತ್ತು. ಅದನ್ನು ಕಿತ್ತು ಸೆರಗಿನಿಂದ ಒರೆಸಿದೆ. ಬಿಸಿಯೂಟದ ಕೋಣೆಯಿಂದ ಒಂದು ಈರುಳ್ಳಿ ತರಿಸಿ, ಸಿಪ್ಪೆ ಸುಲಿದು, ಬಣ್ಣಕ್ಕೆ ಕೆಂಪು ಮಸಿ ಬಿಟ್ಟು ಗಾಜಿನ ಪಟ್ಟಿಯ ಮೇಲಿಟ್ಟೆ. ಕೆಳಗಿನ ಕನ್ನಡಿ ತಿರುಗಿಸಿದಾಗ ಬೆಳಕು ಮೇಲೆ ಬಂತು. ಬೆಳಕು ಬಂದರೆ ಆಯಿತು ಎಂದುಕೊಂಡೆ. ನಾನು ಕಣ್ಣಿಟ್ಟು ನೋಡಲಿಲ್ಲ. ನೋಡಿದರೆ ಮತ್ತೆ ಏನೂ ಕಾಣದೆ ಹೋದೀತು ಎಂಬ ಅಂಜಿಕೆ ಇತ್ತು.

ನಲವತ್ತು ಮಕ್ಕಳ ಸಾಲು. ಒಬ್ಬೊಬ್ಬರೂ ಬಗ್ಗಿ ಏಳುತ್ತಿದ್ದರು. “ಕಾಣ್ತೇನು?” ಎನ್ನುತ್ತಿದ್ದೆ. “ಕಾಣ್ತ್ರಿ ಟೀಚರ್” ಎನ್ನುತ್ತಿದ್ದರು. ಸಾಹೇಬರು ಬಂದು ಬಾಗಿಲಲ್ಲಿ ನಿಂತು, ಫೋಟೋ ತೆಗೆಸಿಕೊಂಡು, ಚಹಾಕ್ಕೆ ಹೋದರು. ಆ ಹುಡುಗಿಯ ಸರದಿ ಬಂತು. ಅವಳು ಬಗ್ಗಿದವಳು ಏಳಲೇ ಇಲ್ಲ. ಬೆರಳಿನಿಂದ ಗಾಜಿನ ಪಟ್ಟಿಯನ್ನು ಒಂಚೂರು ಸರಿಸಿದಳು, ಮತ್ತೆ ನೋಡಿದಳು, ಮತ್ತೆ ಈ ಕಡೆ ಸರಿಸಿದಳು.

“ಸಾಕೇಳಬೇ, ಹಿಂದ ಮಂದಿ ಅದಾರ” ಎಂದು ಅವಳ ಹೆಗಲು ಹಿಡಿದು ಎಬ್ಬಿಸಿದೆ.

ಮರುದಿನ ಎಲ್ಲರೂ ರೆಕಾರ್ಡ್ ಪುಸ್ತಕ ತಂದರು. ಎಲ್ಲರದೂ ಇಟ್ಟಿಗೆ, ಇಟ್ಟಿಗೆಯೊಳಗೆ ಗುಂಡಿ. ಅವಳದರಲ್ಲಿ ಇಟ್ಟಿಗೆ ಇರಲಿಲ್ಲ. ಒಂದು ಮೂಲೆಯಿಂದ ಹೊರಟು ಕವಲೊಡೆಯುತ್ತ, ಒಂದರ ಮೇಲೊಂದು ಹಾಯುತ್ತ ಹೋಗುವ ಸಣ್ಣ ಸಣ್ಣ ಎಳೆಗಳಿದ್ದವು. ಎಷ್ಟು ತಾಳ್ಮೆಯಿಂದ ಬರೆದಿದ್ದಳೆಂದರೆ ಎಲ್ಲಿ ಎಳೆ ದಪ್ಪ, ಎಲ್ಲಿ ತೆಳು ಎಂಬುದೂ ಗೊತ್ತಾಗುತ್ತಿತ್ತು. ಕೆಳಗೆ ಒಂದು ಸಾಲು ಇತ್ತು: ‘ಗಾಜು ಸರಿಸಿದರೂ ಇದು ಸರಿಯಲಿಲ್ಲ.’

“ಏನಬೇ ಇದು? ಜ್ವಾಳದ ಬೇರ ಬರದಿಯೇನು?”

ತರಗತಿ ನಕ್ಕಿತು. ನಗಲಿ ಎಂದೇ ಅಂದಿದ್ದೆ.

“ನನಗ ಹಿಂಗ ಕಾಣ್ತ್ರಿ ಟೀಚರ್.”

“ಎಲ್ಲಾರಿಗೂ ಕಂಡಿದ್ದು ನಿನಗೊಬ್ಬಾಕಿಗೆ ಕಾಣ್ಲಿಲ್ಲೇನು? ಕಣ್ಣು ಎಲ್ಲಿಟ್ಟಿದ್ದಿ?”

“ಖರೇನ ಹಿಂಗ ಇತ್ತ್ರಿ. ಉಳ್ಳಾಗಡ್ಡಿ ಸರಿಸಿದ್ರೂ ಅದು ಇದ್ದಲ್ಲೇ ಇತ್ತ್ರಿ. ಯಾಕಂತ ಕೇಳಾಕನ ಬರದೀನ್ರಿ.”

“ಎದುರು ಮಾತಾಡಬ್ಯಾಡ. ಅಕಾ, ಗ್ವಾಡಿ ಮ್ಯಾಲ ಐತಿ ನೋಡು. ಹಂಗ ಕಾಣ್ಬೇಕು. ಹಂಗ ಬರಿ.”

ಕೆಂಪು ಪೆನ್ನು ತೆಗೆದು ಆ ಚಿತ್ರದ ಮೇಲೆ ಮೂಲೆಯಿಂದ ಮೂಲೆಗೆ ಗೀಟು ಹಾಕಿದೆ. ಕೆಳಗಿನ ಸಾಲಿನ ಮೇಲೂ ಹಾಕಿದೆ. ಅವಳು ನನ್ನ ಥರ್ಮಾಕೋಲಿನ ಮಾದರಿಯನ್ನು ಬಹಳ ಹೊತ್ತು ನೋಡುತ್ತ ನಿಂತಳು. ಮರುದಿನ ಇಟ್ಟಿಗೆ ಬರೆದುಕೊಂಡು ಬಂದಳು. ನಾನು ‘ಗುಡ್’ ಎಂದು ಬರೆದೆ.

ಆಮೇಲೆ ಸೋಮವಾರದ ಪ್ರಶ್ನೆಗಳು ನಿಂತವು. ನಿಂತದ್ದು ನನ್ನ ಗಮನಕ್ಕೂ ಬರಲಿಲ್ಲ ಎನ್ನುವುದೇ ನನಗೆ ಈಗ ಹೆಚ್ಚು ಸಂಕಟ ಕೊಡುವ ಮಾತು. ಅವಳು ಸುಮ್ಮನಾದಳು, ಪಾಠ ಬೇಗ ಮುಗಿಯತೊಡಗಿತು, ನನಗೆ ಅನುಕೂಲವೇ ಆಯಿತು. ಹತ್ತನೇ ತರಗತಿಯಲ್ಲಿ ಲಿಟ್ಮಸ್ ಕಾಗದ ಅದ್ದಿಸಿ ಯಾವ ಬಣ್ಣ ಎಂದರೆ, ಅವಳು ತನ್ನ ಕೈಯಲ್ಲಿದ್ದ ಕಾಗದ ಬಿಟ್ಟು ಪಕ್ಕದವಳ ಹಾಳೆ ನೋಡಿ ಹೇಳುತ್ತಿದ್ದಳು. ಫಸ್ಟ್ ಕ್ಲಾಸಿನಲ್ಲಿ ಪಾಸಾದಳು.

ಟಿ.ಸಿ. ತೆಗೆದುಕೊಂಡು ಹೋಗಲು ತಾಯಿ ಮಗಳು ಇಬ್ಬರೂ ಬಂದರು. ಅವ್ವನ ಮುಖ ಅರಳಿತ್ತು.

“ಅಕ್ಕಾರ, ಅವರಪ್ಪನ್ನ ಒಪ್ಪಸೀನ್ರಿ! ಸೈನ್ಸ್‌ಗೆ ಹಚ್ಚು ಅಂದಾನ. ಈಗ ನೋಡಿದ್ರ ಈಕೀನ ಬ್ಯಾಡ ಅನ್ನಾಕತ್ಯಾಳ. ನೀವರ ಬುದ್ಧಿ ಹೇಳ್ರಿ.”

“ಯಾಕಬೇ?” ಎಂದೆ.

ಅವಳು ತಲೆ ತಗ್ಗಿಸಿ, ಬೇಸರವಿಲ್ಲದ, ನಿರ್ಧಾರ ಮುಗಿದ ದನಿಯಲ್ಲಿ ಹೇಳಿದಳು: “ನನಗ ನೋಡಾಕ ಬರಂಗಿಲ್ರಿ ಟೀಚರ್. ಇರೋದೊಂದು, ನನಗ ಕಾಣೋದೊಂದು. ಸೈನ್ಸ್‌ಗೆ ಅದು ನಡಿಯಂಗಿಲ್ಲ.”

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಹೊರಗೆ ಟಂಟಂನವನು ಹಾರ್ನ್ ಹೊಡೆಯುತ್ತಿದ್ದ. ಅದು ತಪ್ಪಿದರೆ ಮಸ್ಕಿಯಲ್ಲಿ ಬಸ್ಸು ತಪ್ಪುತ್ತದೆ. “ಆಕಿ ಇಷ್ಟನವಾ, ಜಬರ್ದಸ್ತಿ ಮಾಡಬಾರದು” ಎಂದು ಹೇಳಿ ಚೀಲ ಹೆಗಲಿಗೇರಿಸಿದೆ. ಎರಡು ವರ್ಷದಿಂದ ಆ ತಾಯಿ ಕಾಯುತ್ತಿದ್ದ ಒಂದು ಮಾತಿನ ಬದಲು ನಾನು ಕೊಟ್ಟದ್ದು ಅದು. ಹುಡುಗಿ ಮಸ್ಕಿಯಲ್ಲಿ ಆರ್ಟ್ಸ್ ಸೇರಿದಳು.

ಅದಾಗಿ ಎರಡು ತಿಂಗಳಿಗೆ ಲಿಂಗಸುಗೂರಿಗೆ ಮತ್ತೆ ಕರೆ ಬಂತು. ಈ ಸಲ ತಮ್ಮ ತಮ್ಮ ಶಾಲೆಯ ಸೂಕ್ಷ್ಮದರ್ಶಕ ತರಬೇಕೆಂದು ಆದೇಶ. ಮುಖ್ಯಗುರುಗಳು ನನ್ನಿಂದ ಚೀಟಿ ಬರೆಸಿಕೊಂಡು ಪೆಟ್ಟಿಗೆ ಕೊಟ್ಟರು. ಬಸ್ಸಿನಲ್ಲಿ ತೊಡೆಯ ಮೇಲಿದ್ದ ಪೆಟ್ಟಿಗೆಯ ಕುಂಕುಮ ನೋಡಿ ಪಕ್ಕದ ಮುದುಕಿ, “ಯಾವ ದೇವ್ರವಾ?” ಎಂದು ಕೇಳಿ ಕೈಮುಗಿದಳು.

ಕಲಿಸಲು ಬಂದವರು ಒಬ್ಬ ನಿವೃತ್ತ ಲೆಕ್ಚರರು, ಪರದೆ ಗಿರದೆ ಏನೂ ತಂದಿರಲಿಲ್ಲ. ಒಂದು ಬುಟ್ಟಿ ಈರುಳ್ಳಿ ತಂದಿದ್ದರು. “ಪುಸ್ತಕ ಮುಚ್ರಿ. ಉಳ್ಳಾಗಡ್ಡಿ ಸುಲೀರಿ. ಏನು ಕಾಣ್ತೈತಿ, ಅದನ್ನ ಬರೀರಿ” ಎಂದರು. ನಾನು ಕಣ್ಣಿಟ್ಟೆ. ಏನೋ ಮಸುಕು ಮಸುಕು. ತಲೆ ಎತ್ತಿ ಇಟ್ಟಿಗೆ ಬರೆದೆ. ಅವರು ನಡೆದಾಡುತ್ತ ನನ್ನ ಹತ್ತಿರ ಬಂದು ನಿಂತರು.

“ಮೇಡಂ, ನೋಡಿ ಬರದ್ರೋ, ನೆನಸ್ಕೊಂಡು ಬರದ್ರೋ?”

“ನೋಡೇ ಬರದೀನ್ರಿ ಸರ್.”

ಅವರು ಬಗ್ಗಿ ನೋಡಿದರು. ನಗಲಿಲ್ಲ. “ಇದ್ರಾಗ ಕೋಶ ಕಾಣಾಕ ಸಾಧ್ಯನ ಇಲ್ರಿ. ಬೂಷ್ಟು ಹಿಡದೈತಿ. ಈಗ ನೀವು ಖರೇನ ನೋಡ್ರಿ. ಗಾಜು ಸರಸ್ರಿ. ಕಾಣೋದು ಸರೀಲಿಲ್ಲ ಅಂದ್ರ ಅದು ಉಳ್ಳಾಗಡ್ಡಿದಲ್ಲ, ಕಣ್ಣಿಡೋ ಮಸೂರದ್ದು.”

ಪಿಯುಸಿ ಮುಗಿಸಿ ಎಷ್ಟೋ ವರ್ಷದ ಮೇಲೆ ನಾನು ಮೊದಲ ಸಲ ನಿಜವಾಗಿ ನೋಡಿದೆ. ಒಂದು ಮೂಲೆಯಿಂದ ಹೊರಟ ಎಳೆಗಳು. ಕವಲು, ಕವಲಿನ ಮೇಲೆ ಕವಲು. ಗಾಜು ಸರಿಸಿದೆ. ಅವು ಸರಿಯಲಿಲ್ಲ. ಈ ಚಿತ್ರವನ್ನು ನಾನು ನೋಡಿದ್ದೆ. ನೋಡಿ, ಕೆಂಪು ಗೀಟು ಎಳೆದಿದ್ದೆ.

ಅವರು ಕಣ್ಣಿಡುವ ಕೊಳವೆ ಬಿಚ್ಚಿ ಅಲ್ಲಾಡಿಸಿದರು. ಒಣಗಿದ ಒಂದು ಹಳದಿ ಎಸಳು ಮೇಜಿನ ಮೇಲೆ ಬಿತ್ತು.

“ಯಾರ್ರೀ ಇದಕ್ಕ ಹೂ ಏರಿಸಿದವ್ರು?”

ನಾನು ಆ ಎಸಳನ್ನು ಅಂಗೈಯಲ್ಲಿ ಮುಚ್ಚಿಕೊಂಡೆ. ಅವರು ಹತ್ತಿಗೆ ಸ್ಪಿರಿಟ್ ಅದ್ದಿ ಒಳಗೆ ಹೊರಗೆ ಒರೆಸಿ ಕೊಟ್ಟರು. ಆಗ ಕಂಡವು ಕೋಶಗಳು. ಇಟ್ಟಿಗೆಯ ಹಾಗೇನೂ ಇರಲಿಲ್ಲ. ಉದ್ದುದ್ದ, ಓರೆಕೋರೆ, ಒಂದು ಚೂಪು, ಒಂದು ಮೊಂಡು, ಒಂದರ ಹಾಗೆ ಒಂದಿಲ್ಲ. ಗುಂಡಿಯೂ ನಡುವೆ ಇರಲಿಲ್ಲ, ಗೋಡೆಗೆ ಒತ್ತಿಕೊಂಡಿತ್ತು. ಅಯ್ಯೋ, ಎಷ್ಟು ಚೆಂದ ಇತ್ತು! ಮುಖ ತೊಳೆಯುವ ನೆಪ ಮಾಡಿ ಹೊರಗೆ ಹೋಗಿ ನಲ್ಲಿಯ ಹತ್ತಿರ ಅತ್ತೆ. ಇಷ್ಟೂ ವರ್ಷ ಸುಳ್ಳನ್ನು ಕಲಿಸಿ ಸಂಬಳ ಎಣಿಸಿದೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಶಾಲೆಗೆ ಬಂದು ಹಳೆಯ ರೆಕಾರ್ಡ್ ಪುಸ್ತಕಗಳ ಗಂಟು ಬಿಚ್ಚಿ ಅವಳದನ್ನು ಹುಡುಕಿದೆ. ತರಬೇತಿಯಲ್ಲಿ ಕಂಡಂಥವೇ ಎಳೆಗಳು ಅಲ್ಲಿದ್ದವು. ನಲವತ್ತು ಮಕ್ಕಳಲ್ಲಿ, ಒಬ್ಬ ಸಾಹೇಬರಲ್ಲಿ, ಒಬ್ಬ ಟೀಚರಲ್ಲಿ ಅವತ್ತು ನೋಡಿದವಳು ಅವಳೊಬ್ಬಳೇ. ಮಸೂರದ ದೋಷವನ್ನು ಹಿಡಿಯುವ ಪರೀಕ್ಷೆಯನ್ನೂ ಯಾರೂ ಹೇಳಿಕೊಡದೆ ತಾನೇ ಮಾಡಿ, ಒಂದು ಸಾಲಿನಲ್ಲಿ ಬರೆದಿದ್ದಳು.

ಒಂದು ಶನಿವಾರ ಅವಳಿಗೆ ಹೇಳಿಕಳಿಸಿದೆ. ಕಾಲೇಜು ಮುಗಿಸಿಕೊಂಡು ಬಂದಳು, ಎತ್ತರವಾಗಿದ್ದಳು. ಪುಸ್ತಕ ತೆರೆದು ತೋರಿಸಿದೆ.

“ಇದು ತಪ್ಪಲ್ಲವಾ. ನೀ ಬರದದ್ದ ಖರೆ ಇತ್ತು. ಬೂಷ್ಟು ಹಿಡಿದಿತ್ತು ಮಸೂರಕ್ಕ, ನಾ ಇಟ್ಟ ಹೂವಿಂದ. ನಾ ನೋಡಿರಲಿಲ್ಲ. ನೋಡದನ ನಿನ್ನ ಬೈದೆ. ತಪ್ಪು ನಂದು.”

“ಇರ್ಲಿ ಬಿಡ್ರಿ ಟೀಚರ್” ಎಂದಳು. ನನಗೆ ಮುಜುಗರವಾಗಬಾರದೆಂದು ಅವಳೇ ನಕ್ಕಳು. “ನಾ ಅದನ್ನ ಆವಾಗನ ಮರ್ತೀನ್ರಿ.”

“ಮುಂದಿನ ವರ್ಷಾರ ಸೈನ್ಸ್‌ಗೆ ಸೇರ್ತಿಯೇನು? ನಿಮ್ಮವ್ವಗ ನಾ ಹೇಳ್ತೀನಿ.”

ಅವಳು ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದಳು. ಕಿಟಕಿಯ ಹತ್ತಿರ ಸೂಕ್ಷ್ಮದರ್ಶಕ ಇಟ್ಟಿದ್ದೆ, ಈರುಳ್ಳಿಯ ಸಿಪ್ಪೆ ಇಟ್ಟು ನಾನೇ ನೋಡಿ ಸರಿ ಮಾಡಿದ್ದೆ. ಒಮ್ಮೆ ಅವಳು ನೋಡಿದರೆ ಸಾಕು, ಹಳೆಯ ಹುಡುಗಿ ಎದ್ದು ಬರುತ್ತಾಳೆ ಎಂದು ಹುಚ್ಚು ಆಸೆ. “ಬಾ, ಕುಂದ್ರು. ಯಾರೂ ಹಿಂದಿಲ್ಲ. ಎಷ್ಟು ಹೊತ್ತರ ನೋಡು” ಎಂದೆ.

ನನ್ನ ಮಾತಿಗೆ ಬೆಲೆ ಕೊಟ್ಟು ಕೂತಳು. ಕಣ್ಣಿಡಲು ಬಗ್ಗಿದವಳು ಅರ್ಧಕ್ಕೇ ನಿಂತು, ಗೋಡೆಯ ಮೇಲೆ ಇನ್ನೂ ತೂಗುತ್ತಿದ್ದ ನನ್ನ ಥರ್ಮಾಕೋಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಟೀಚರ್, ಇದ್ರಾಗ ಏನು ಕಾಣ್ಬೇಕ್ರಿ? ನೀವು ಮೊದಲ ಹೇಳಿಬಿಡ್ರಿ.”